ದಿಕ್ಕುಗಳ ಹೆಸರು (ಕನ್ನಡದಲ್ಲಿ)

ಕನ್ನಡದಲ್ಲಿ ದಿಕ್ಕುಗಳಿಗೆ ಎರಡು ಬಗೆಯ ಹೆಸರುಗಳಿವೆ. ಮೂಡಣ, ತೆಂಕಣ, ಪಡುವಣ, ಬಡಗಣ ಎಂಬವು ದೇಸಿ. ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ ಸಂಸ್ಕೃತದಿಂದ ಬಂದವು. ಹೊತ್ತು ಮೂಡುವ ಕಡೆ ಮೂಡಣ, ಪಡುವ ಅಂದರೆ ಮುಳುಗುವ ಕಡೆ ಪಡುವಣ. ಸಂಸ್ಕೃತದ ಹೆಸರುಗಳು ಹೊತ್ತಿಗಿಂತ ಮನುಷ್ಯನ ಮೈಯನ್ನು ನೆಚ್ಚಿವೆ. ಮೂಡಲಿಗೆ ಮುಖ ಮಾಡಿ ನಿಂತವನಿಗೆ ಪೂರ್ವ ಮುಂದಿನದು, ಪಶ್ಚಿಮ ಹಿಂದಿನದು, ದಕ್ಷಿಣ ಬಲಗಡೆಯದು. ಉತ್ತರ ಮಾತ್ರ ಈ ಲೆಕ್ಕಕ್ಕೆ ಸಿಗದು. ಅದರ ಅರ್ಥ ‘ಮೇಲಿನದು’.

ತಮಿಳರು ನೆಲದ ಇಳಿಜಾರನ್ನು ನೋಡಿ ಹೆಸರಿಟ್ಟರು. ಅವರ ಮೂಡಣ ‘ಕಿಳಕ್ಕು’, ಎಂದರೆ ಕೆಳಗಿನದು. ಪಡುವಣ ‘ಮೇರ್ಕು’, ಮೇಲಿನದು. ಪಡುವಣಕ್ಕೆ ಘಟ್ಟ, ಮೂಡಣಕ್ಕೆ ಕಡಲು ಇರುವ ನಾಡಿಗೆ ಇದು ಸರಿಯೇ. ಮಲಯಾಳಿಗಳಿಗೆ ಘಟ್ಟವಿರುವುದು ಮೂಡಣದಲ್ಲಿ. ಆದರೂ ಅವರು ಆ ದಿಕ್ಕನ್ನು ಕಿಳಕ್ಕು ಎಂದೇ ಕರೆಯುತ್ತಾರೆ. ಅವರ ಪೂರ್ವಿಕರು ಘಟ್ಟದ ಆಚೆಯಿಂದ ಬಂದವರೆನ್ನಲು ಭಾಷಾ ವಿದ್ವಾಂಸ ರಾಬರ್ಟ್ ಕಾಲ್ಡ್‌ವೆಲ್ ಇದನ್ನೇ ಪುರಾವೆಯಾಗಿ ಹಿಡಿದ. ಪಡುವಣಕ್ಕೆ ಮಾತ್ರ ಮಲಯಾಳಿಗಳು ಹೊತ್ತು ಮುಳುಗುವ ಅರ್ಥದ ‘ಪಡಿಞ್ಞಾರು’ ಎಂಬ ಬೇರೆ ಮಾತನ್ನು ಬಳಸುತ್ತಾರೆ. ತಮಿಳಿನ ‘ವಡಕ್ಕು’ ಕನ್ನಡದಲ್ಲಿ ‘ಬಡಗು’. ವಕಾರಕ್ಕೆ ಬಕಾರ ಬರುವುದು ಕನ್ನಡದ ರೂಢಿ. ನೀಲಗಿರಿಯ ಬಡಗರಿಗೆ ಆ ಹೆಸರು ಬಂದದ್ದು ಅವರು ಬಡಗಣದಿಂದ ಹೋದವರೆಂಬ ಕಾರಣಕ್ಕೆ.

ದೇಸಿ ಹೆಸರುಗಳು ಹೆಚ್ಚು ಉಳಿದಿರುವುದು ಹೊಲದ ಮೇರೆಯಲ್ಲಿ. ಗಂಗರ ತಾಮ್ರಶಾಸನಗಳಲ್ಲಿ ಹೊಗಳಿಕೆಯ ಭಾಗ ಸಂಸ್ಕೃತದಲ್ಲಿದ್ದರೂ ದತ್ತಿ ಭೂಮಿಯ ಎಲ್ಲೆ ಹೇಳುವಾಗ ಕನ್ನಡ ಬರುವುದುಂಟು. ಒಕ್ಕಲಿಗನಿಗೆ ಅರ್ಥವಾಗಬೇಕಿದ್ದದ್ದು ಎಲ್ಲೆಯೇ ಹೊರತು ಅರಸನ ಬಿರುದಲ್ಲ. ತುಳುನಾಡಿನಲ್ಲಿ ಊರ ಹೆಸರುಗಳೇ ದಿಕ್ಸೂಚಿ: ಒಳನಾಡಿನಲ್ಲಿ ಮೂಡುಬಿದಿರೆ, ಕಡಲ ದಡದಲ್ಲಿ ಪಡುಬಿದ್ರಿ, ಎರ್ಮಾಳಿನಲ್ಲೇ ತೆಂಕ, ಬಡಾ ಎಂದು ಎರಡು.

ಮೂಲೆಗಳಿಗೆ ಬಳಕೆಯಲ್ಲಿರುವವು ಸಂಸ್ಕೃತದ ಹೆಸರುಗಳೇ. ಅಗ್ನಿಯಿಂದ ಆಗ್ನೇಯ, ವಾಯುವಿನಿಂದ ವಾಯವ್ಯ, ಈಶಾನನಿಂದ ಈಶಾನ್ಯ. ನೈಋತ್ಯ ಬಂದದ್ದು ನಿರ್ಋತಿಯಿಂದ; ವೇದದಲ್ಲಿ ಆಕೆ ಕೇಡಿನ ದೇವತೆ. ನಮಗೆ ಮಳೆ ತರುವ ಮುಂಗಾರು ಬೀಸುವುದು ಆಕೆಯ ಮೂಲೆಯಿಂದಲೇ.

ದಿಕ್ಕಿನ ಹೆಸರು ಹೇಳುವವನು ನಿಂತ ನೆಲವನ್ನೂ ಹೇಳುತ್ತದೆ. ಕರಾವಳಿಯವರು ತಮ್ಮ ಯಕ್ಷಗಾನವನ್ನು ತೆಂಕುತಿಟ್ಟು, ಬಡಗುತಿಟ್ಟು ಎಂದು ವಿಂಗಡಿಸುತ್ತಾರೆ. ಮೂಡಲಪಾಯ ಆಡುವ ಬಯಲುಸೀಮೆಯ ಕಡೆಯಿಂದ ನೋಡಿದರೆ ಆ ಎರಡೂ ಸೇರಿ ಒಂದೇ ಪಡುವಲಪಾಯ.