ಎಂಟಡಿ ಸಂದು

ಮರದ ದೋಣಿಯು ಸೋರುವುದು ಹೊಸ ಸಂಗತಿಯಲ್ಲ. ಹಲಗೆಗೆ ಹಲಗೆಯನ್ನು ಜೋಡಿಸಿ ನೀರಿಗೆ ಬಿಟ್ಟಂದಿನಿಂದಲೂ ಮನುಷ್ಯನು ಸಂದುಗಳೊಡನೆ ಹೋರಾಡುತ್ತಲೇ ಬಂದಿದ್ದಾನೆ. ಅರಸರ ಕಾಳಗಗಳನ್ನು ಬರೆಯುವ ಚರಿತ್ರಕಾರರು ಈ ಹೋರಾಟವನ್ನು ಗಣಿಸುವುದು ಅಪೂರ್ವ. ಆದರೂ ಒಂದು ಭೂಪ್ರದಕ್ಷಿಣೆಯ ಸೋಲುಗೆಲುವು ಸುಮಾರು ಎಂಟಡಿ ಉದ್ದದ ಸಂದನ್ನು ಅವಲಂಬಿಸಿದ್ದ ಪ್ರಸಂಗವುಂಟು. ನಾವು ಅದನ್ನು ಇಲ್ಲಿ ನೆನೆಯೋಣ.

೧೯೬೮ರ ಜೂನ್ ೧೪ರಂದು ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ಆಂಗ್ಲ ನಾವಿಕನು ಫಾಲ್ಮತ್ ಬಂದರಿನಿಂದ ಏಕಾಕಿಯಾಗಿ ಹೊರಟನು. ಎಲ್ಲಿಯೂ ತಂಗದೆ ಭೂಮಿಯನ್ನು ಸುತ್ತಿಬರುವುದು ಆತನ ಸಂಕಲ್ಪ. ಆತನ ಹಾಯಿದೋಣಿ ‘ಸುಹೈಲಿ’ಯ ಉದ್ದ ೩೨ ಅಡಿ. ಅದು ಮುಂಬಯಿಯಲ್ಲಿ, ನಮ್ಮ ದೇಶದ ಬಡಗಿಗಳ ಬಾಚಿಯ ಕೆಲಸದಿಂದ, ತೇಗದ ಮರದಲ್ಲಿ ನಿರ್ಮಿತವಾದುದು. ಮುಂಬಯಿಗೆ ಈ ವಿದ್ಯೆ ಹೊಸದಲ್ಲ. ವಾಡಿಯಾ ಮನೆತನದವರು ೧೮೧೭ರಲ್ಲಿ ಅಲ್ಲಿ ಕಟ್ಟಿದ ‘ಟ್ರಿಂಕೋಮಲಿ’ ಎಂಬ ತೇಗದ ಯುದ್ಧನೌಕೆಯು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ.

ಕೇಪ್ ವರ್ಡ್ ದ್ವೀಪಗಳನ್ನು ದಾಟಿದ ಮೇಲೆ ಸುಹೈಲಿಯ ತಳದಲ್ಲಿ ನೀರು ಹೆಚ್ಚತೊಡಗಿತು. ದಿನಕ್ಕೆರಡು ಬಾರಿ ಪಂಪಿನಿಂದ ಹೊರಹಾಕಬೇಕಾಯಿತು. ಇಲ್ಲಿಯೇ ಸೋರಿಕೆಯ ಮರ್ಮವಿರುವುದು. ಎಲ್ಲಿಂದ ನುಗ್ಗಿದರೂ ನೀರು ತಗ್ಗನ್ನು ಹುಡುಕಿಕೊಂಡು ಹೋಗಿ ನಿಲ್ಲುತ್ತದೆ. ಆದುದರಿಂದ ನೀರು ನಿಂತ ಜಾಗವು ನೀರು ಬಂದ ಜಾಗವಲ್ಲ. ಒಳಗಿನ ಚಿಹ್ನೆಗಳನ್ನು ನಂಬದೆ ಹೊರಗಿನಿಂದಲೇ ಪರೀಕ್ಷಿಸಬೇಕು. ಗಾಳಿ ಬಿದ್ದ ದಿನ ಆತನು ಸಮುದ್ರಕ್ಕೆ ಧುಮುಕಿ ದೋಣಿಯ ಅಡಿಯನ್ನು ನೋಡಿದನು. ನಡುಗಂಬದ ಬಳಿ, ಅಡಿತೊಲೆಯನ್ನು ಸೇರುವ ಮೊದಲನೆಯ ಹಲಗೆಯ ಸಂದಿನಲ್ಲಿ, ಎರಡು ಪಕ್ಕಗಳಲ್ಲಿಯೂ ಬಿರುಕು ಕಾಣಿಸಿತು. ತುಂಬಿದ್ದ ಹತ್ತಿ ಕಿತ್ತುಬಂದಿತ್ತು.

ದಡದಲ್ಲಾದರೆ ಇದು ಸುಲಭದ ಕೆಲಸ. ಒಣಗಿದ ಸಂದಿಗೆ ಹತ್ತಿಯ ಎಳೆಯನ್ನು ಉಳಿಯಿಂದ ಬಡಿದು ತುಂಬುವರು. ನೀರು ಕುಡಿದು ಉಬ್ಬಿದ ಹಲಗೆಗಳು ಅದನ್ನು ಬಿಗಿಹಿಡಿಯುವುವು. ನೀರಿನೊಳಗೆ ಉಸಿರು ಬಿಗಿಹಿಡಿದು ಬಡಿಯುವವನಿಗೆ ಎಳೆ ನಿಲ್ಲಲೊಲ್ಲದು. ಆಗ ಆತನು ಕ್ಯಾನ್ವಾಸಿನ ಪಟ್ಟಿಗೆ ಹತ್ತಿಯನ್ನು ಹೊಲಿದು, ಟಾರು ಬಳಿದು, ಅದನ್ನು ತಾಮ್ರದ ಮೊಳೆಗಳಿಂದ ಸಂದಿನ ಮೇಲೆ ಹೊಡೆದನು. ಪಟ್ಟಿ ಕಿತ್ತುಹೋಗದಂತೆ ಅದರ ಮೇಲೆ ಹೊದಿಸಿದುದು, ರೇಡಿಯೋ ಯಂತ್ರವನ್ನು ಅಳವಡಿಸಿದವರು ಬಿಟ್ಟುಹೋಗಿದ್ದ ತಾಮ್ರದ ತಗಡು. ನಡುವೆ ಒಂದು ಶಾರ್ಕ್ ಮೀನು ಸುತ್ತತೊಡಗಿತು. ಮೇಲೇರಿ ಅದನ್ನು ಬಂದೂಕಿನಿಂದ ಹೊಡೆದು, ಮತ್ತಾವುದೂ ಬರುವುದಿಲ್ಲವೆಂದು ಖಚಿತಪಡಿಸಿಕೊಂಡು, ಪುನಃ ನೀರಿಗಿಳಿದನು. ಇನ್ನೊಂದು ಪಕ್ಕದ ಸಂದನ್ನು ಮುಂದೆ ಗಾಳಿ ನಿಂತಾಗ ಹಾಗೆಯೇ ಮುಚ್ಚಿದನು.

೧೯೬೯ರ ಏಪ್ರಿಲ್ ೨೨ರಂದು ಸುಹೈಲಿ ಫಾಲ್ಮತ್ತಿಗೆ ಹಿಂದಿರುಗಿತು. ಸ್ಪರ್ಧೆಗೆ ಹೊರಟ ಒಂಬತ್ತು ಮಂದಿಯಲ್ಲಿ ಯಾತ್ರೆಯನ್ನು ಮುಗಿಸಿದವನು ಆತನೊಬ್ಬನೇ; ಏಕಾಕಿಯಾಗಿ ತಂಗದೆ ಭೂಮಿಯನ್ನು ಸುತ್ತಿದವರಲ್ಲಿಯೂ ಆತನೇ ಮೊದಲಿಗನು.

ಈ ಯಶಸ್ಸನ್ನು ಧೈರ್ಯದ ಫಲವೆನ್ನುವುದು ವಾಡಿಕೆ. ಧೈರ್ಯವು ಇತ್ತು, ನಿಜ. ಆದರೆ ಕೇವಲ ಧೈರ್ಯಶಾಲಿಯಾದವನು ಪಂಪು ಹೊಡೆಯುತ್ತಲೇ ದಕ್ಷಿಣ ಸಾಗರದ ಬಿರುಗಾಳಿಗೆ ನುಗ್ಗುತ್ತಿದ್ದನು. ಈತನು ಶಾಂತವಾದ ಕಡಲಿನಲ್ಲಿಯೇ ನಿಂತು, ಮೂಲವನ್ನು ಹುಡುಕಿ, ಕೈಗೆ ಸಿಕ್ಕ ಹತ್ತಿ, ಟಾರು, ತಾಮ್ರಗಳಿಂದ ಅದನ್ನು ಮುಚ್ಚಿದನು. ಹೊಕ್ಕ ನೀರನ್ನು ಹೊರಚೆಲ್ಲುವುದು ಶ್ರಮ. ಹೊಗುವ ದಾರಿಯನ್ನು ಕಾಣುವುದು ವಿವೇಕ. ಸಮುದ್ರವನ್ನೇ ಕಾಣದ ನಮಗೂ ಈ ಭೇದವು ತಿಳಿದಿರತಕ್ಕದ್ದು.