ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್

ನೇತ್ರಾಣಿ ಅರಬ್ಬೀ ಸಮುದ್ರದಲ್ಲಿರುವ ಒಂದು ಪುಟ್ಟ ದ್ವೀಪ. ಇದು ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲೂಕಿಗೆ ಸೇರಿದ್ದು, ಮುರುಡೇಶ್ವರದ ಕಡಲತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿದೆ. ದ್ವೀಪದ ಸುತ್ತಲಿನ ನೀರಿನಲ್ಲಿ ಹವಳಗಳೂ ಬಗೆಬಗೆಯ ಮೀನುಗಳೂ ಇರುವುದರಿಂದ ಇದು ರಾಜ್ಯದ ಪ್ರಮುಖ ಸ್ಕೂಬಾ ಡೈವಿಂಗ್ ತಾಣವಾಗಿದೆ. ದ್ವೀಪದಲ್ಲಿ ಜನವಸತಿಯಿಲ್ಲ. ಪ್ರವಾಸಿಗರು ಮುರುಡೇಶ್ವರದಲ್ಲಿ ತಂಗಿ, ಬೆಳಿಗ್ಗೆ ದೋಣಿಯಲ್ಲಿ ಹೊರಟು, ಅದೇ ದಿನ ಹಿಂದಿರುಗುವುದು ರೂಢಿ. ಈ ಲೇಖನವು ತಾಣದ ಪರಿಚಯದ ಜೊತೆಗೆ ಪ್ರವಾಸದ ಯೋಜನೆ ಮತ್ತು ಸುರಕ್ಷತೆಯ ವಿಷಯಗಳನ್ನು ಒಳಗೊಂಡಿದೆ.

ಸ್ಥಳ ಮತ್ತು ಹೆಸರು

ಆಕಾಶದಿಂದ ನೋಡಿದಾಗ ನೇತ್ರಾಣಿಯು ಹೃದಯದ ಆಕಾರದಲ್ಲಿ ಕಾಣುತ್ತದೆ. ಬ್ರಿಟಿಷರ ಕಾಲದ ನಕ್ಷೆಗಳಲ್ಲಿ ಇದಕ್ಕೆ ಪಿಜನ್ ಐಲ್ಯಾಂಡ್, ಅಂದರೆ ಪಾರಿವಾಳ ದ್ವೀಪ ಎಂಬ ಹೆಸರಿದೆ. ದ್ವೀಪದ ಅಂಚುಗಳು ಬಹುಭಾಗ ಕಡಿದಾದ ಬಂಡೆಗಳಿಂದ ಕೂಡಿವೆ. ಮೇಲ್ಭಾಗದಲ್ಲಿ ದಟ್ಟವಾದ ಗಿಡಮರಗಳಿವೆ. ಬಿಳಿಹೊಟ್ಟೆಯ ಕಡಲಹದ್ದುಗಳು ಇಲ್ಲಿ ಗೂಡು ಕಟ್ಟುತ್ತವೆ. ಕಾಡುಬಿದ್ದ ಆಡುಗಳೂ ದ್ವೀಪದಲ್ಲಿವೆ. ಕರಾವಳಿಯ ಮೀನುಗಾರರಿಗೆ ನೇತ್ರಾಣಿಯು ದಿಕ್ಕಿನ ಗುರುತು ಮಾತ್ರವಲ್ಲ, ಹರಕೆ ಹೊತ್ತು ಕೈಮುಗಿಯುವ ಸ್ಥಳವೂ ಆಗಿದೆ.

ತೀರದ ಮುರುಡೇಶ್ವರ ಪ್ರಸಿದ್ಧ ಯಾತ್ರಾಸ್ಥಳ. ಮೂರು ಕಡೆ ಸಮುದ್ರದಿಂದ ಆವೃತವಾದ ಕಂದುಕಗಿರಿಯ ಮೇಲೆ ಶಿವನ ದೇವಾಲಯವಿದೆ. 123 ಅಡಿ ಎತ್ತರದ ಶಿವನ ವಿಗ್ರಹ ಮತ್ತು 20 ಅಂತಸ್ತುಗಳ ರಾಜಗೋಪುರ ದೂರದ ಸಮುದ್ರದಿಂದಲೇ ಗೋಚರಿಸುತ್ತವೆ.

ಸಮುದ್ರಜೀವಿಗಳು

ನೇತ್ರಾಣಿಯ ಬಂಡೆಗಳ ಮೇಲೆ ಹವಳದ ಜೀವಿಗಳು ನೆಲೆಸಿವೆ. ಗಿಳಿಮೀನು, ಚಿಟ್ಟೆಮೀನು, ಟ್ರಿಗರ್ ಮೀನು, ಬರಾಕುಡಾ, ಮುರವ ಮೊದಲಾದ ಮೀನುಗಳು ಮತ್ತು ಬಂಡೆಯ ಬಿರುಕುಗಳಲ್ಲಿ ಅಡಗಿರುವ ಮೋರೆ ಹಾವುಮೀನುಗಳು ಇಲ್ಲಿ ಕಂಡುಬರುತ್ತವೆ. ಕಡಲಾಮೆ ಮತ್ತು ತೊರಕೆ ಮೀನುಗಳೂ ಕಾಣಸಿಗುವುದುಂಟು. ಜಗತ್ತಿನ ಅತಿ ದೊಡ್ಡ ಮೀನಾದ ತಿಮಿಂಗಿಲ ಶಾರ್ಕ್ ಅಪರೂಪಕ್ಕೆ ದರ್ಶನ ನೀಡುತ್ತದೆ. ಇದು ಸೂಕ್ಷ್ಮ ಜಲಜೀವಿಗಳನ್ನೂ ಸಣ್ಣ ಮೀನುಗಳನ್ನೂ ಸೋಸಿ ತಿನ್ನುವ ನಿರುಪದ್ರವಿ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಇದನ್ನು 2001ರಲ್ಲಿ ಸೇರಿಸಲಾಯಿತು. ಹವಳಗಳಿಗೂ ಇದೇ ಕಾಯ್ದೆಯ ರಕ್ಷಣೆಯಿದೆ. ಅವುಗಳನ್ನು ಮುರಿದು ತರುವುದು ಶಿಕ್ಷಾರ್ಹ ಅಪರಾಧ.

ನಟ ಪುನೀತ್ ರಾಜ್‌ಕುಮಾರ್ ಕಾಣಿಸಿಕೊಂಡ, 2022ರಲ್ಲಿ ತೆರೆಕಂಡ 'ಗಂಧದ ಗುಡಿ' ಸಾಕ್ಷ್ಯಚಿತ್ರದಲ್ಲಿ ನೇತ್ರಾಣಿಯ ಕಡಲಾಳದ ದೃಶ್ಯಗಳಿವೆ.

ಸೂಕ್ತ ಕಾಲ

ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ಸಮುದ್ರ ಪ್ರಕ್ಷುಬ್ಧವಾಗಿರುತ್ತದೆ. ಆ ಅವಧಿಯಲ್ಲಿ ಡೈವಿಂಗ್ ನಡೆಯುವುದಿಲ್ಲ. ಜೂನ್ ಮತ್ತು ಜುಲೈನಲ್ಲಿ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧವಿರುತ್ತದೆ. ಮಳೆ ತಗ್ಗಿ, ನದಿಗಳು ತರುವ ಕೆಸರು ತಳಕ್ಕೆ ಇಳಿದ ಮೇಲೆ, ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಡೈವಿಂಗ್ ಋತು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಿಸಿಲು ಹಿತವಾಗಿದ್ದು, ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಆದರೆ ಅರಬ್ಬೀ ಸಮುದ್ರದಲ್ಲಿ ಅಕ್ಟೋಬರ್–ನವೆಂಬರ್ ಹಾಗೂ ಮೇ ತಿಂಗಳುಗಳಲ್ಲಿ ಚಂಡಮಾರುತಗಳು ಏಳುವ ಸಂಭವವಿರುವುದರಿಂದ, ಹೊರಡುವ ಮುನ್ನ ಹವಾಮಾನ ಇಲಾಖೆಯ ಮುನ್ಸೂಚನೆ ನೋಡುವುದು ಅವಶ್ಯ. ದೋಣಿ ಹೊರಡಬೇಕೋ ಬೇಡವೋ ಎಂಬ ವಿಷಯದಲ್ಲಿ ದೋಣಿಯವರ ಮಾತೇ ಅಂತಿಮವಾಗಿರಬೇಕು. ಈ ಕಾರಣದಿಂದ ಪ್ರವಾಸದಲ್ಲಿ ಒಂದು ದಿನವನ್ನಾದರೂ ಹೆಚ್ಚುವರಿಯಾಗಿ ಇರಿಸಿಕೊಳ್ಳುವುದು ಉಚಿತ.

ತಲುಪುವ ಬಗೆ

ಮುರುಡೇಶ್ವರವು ರಾಷ್ಟ್ರೀಯ ಹೆದ್ದಾರಿ 66ಕ್ಕೆ ಸಮೀಪದಲ್ಲಿ, ಭಟ್ಕಳ ಮತ್ತು ಹೊನ್ನಾವರಗಳ ನಡುವೆ ಇದೆ. ಕೊಂಕಣ ರೈಲು ಮಾರ್ಗದಲ್ಲಿ ಇದೇ ಹೆಸರಿನ ನಿಲ್ದಾಣವಿದೆ. ಮಂಗಳೂರು ವಿಮಾನ ನಿಲ್ದಾಣ ಸುಮಾರು 150 ಕಿ.ಮೀ. ದಕ್ಷಿಣದಲ್ಲಿದೆ. ಬೆಂಗಳೂರಿನಿಂದ ರಾತ್ರಿ ಬಸ್ಸುಗಳ ಸೌಕರ್ಯವಿದೆ. ಊರಿನಲ್ಲಿ ಸಾಧಾರಣ ವಸತಿಗೃಹಗಳಿಂದ ಹಿಡಿದು ಸಮುದ್ರಕ್ಕೆ ಮುಖಮಾಡಿದ ರೆಸಾರ್ಟ್‌ಗಳವರೆಗೆ ವಸತಿ ದೊರೆಯುತ್ತದೆ. ಮಹಾಶಿವರಾತ್ರಿ, ವರ್ಷಾಂತ್ಯ ಮತ್ತು ಸಾಲು ರಜೆಗಳ ಸಂದರ್ಭದಲ್ಲಿ ಕೋಣೆಯನ್ನೂ ಡೈವಿಂಗ್ ಸ್ಥಾನವನ್ನೂ ಮುಂಚಿತವಾಗಿ ಕಾಯ್ದಿರಿಸಬೇಕಾಗುತ್ತದೆ.

ಡೈವಿಂಗ್ ಹೇಗೆ ನಡೆಯುತ್ತದೆ

ಸ್ಕೂಬಾ ಎಂದರೆ ಉಸಿರಾಟದ ಗಾಳಿಯನ್ನು ಬೆನ್ನಿಗೆ ಕಟ್ಟಿದ ಸಿಲಿಂಡರಿನಲ್ಲಿ ಹೊತ್ತು ನೀರಿನೊಳಗೆ ಈಜುವುದು. ಫ್ರಾನ್ಸಿನ ಜಾಕ್ ಕೂಸ್ಟೋ ಮತ್ತು ಎಮಿಲ್ ಗಾನ್ಯಾನ್ 1943ರಲ್ಲಿ ರೂಪಿಸಿದ ಅಕ್ವಾ-ಲಂಗ್ ಎಂಬ ಸಾಧನ ಇಂದಿನ ಸಲಕರಣೆಗಳಿಗೆ ತಳಹದಿ. ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಶುದ್ಧ ಆಮ್ಲಜನಕವಲ್ಲ, ಒತ್ತಿ ತುಂಬಿದ ಸಾಧಾರಣ ಗಾಳಿ.

ಹೊಸಬರಿಗೆ ಮೊದಲು ಆಳವಿಲ್ಲದ ನೀರಿನಲ್ಲಿ ಉಸಿರಾಟ, ಕೈಸನ್ನೆ ಮತ್ತು ಮುಖಕವಚದೊಳಗೆ ನುಗ್ಗಿದ ನೀರನ್ನು ಹೊರಹಾಕುವ ಅಭ್ಯಾಸ ಮಾಡಿಸಲಾಗುತ್ತದೆ. ಬಳಿಕ ತರಬೇತುದಾರರೊಡನೆ ಸಮುದ್ರಕ್ಕಿಳಿಯುತ್ತಾರೆ. ಇಂತಹ ಪರಿಚಯಾತ್ಮಕ ಡೈವಿಂಗ್‌ಗೆ ಈಜು ಬರಲೇಬೇಕೆಂಬ ನಿಯಮವನ್ನು ಹಲವೆಡೆ ಇಟ್ಟಿಲ್ಲವಾದರೂ, ನೀರಿನ ಭಯವಿಲ್ಲದಿರುವುದು ಮುಖ್ಯ. ಅಂತಾರಾಷ್ಟ್ರೀಯ ತರಬೇತಿ ಸಂಸ್ಥೆ ಪಾಡಿಯ ನಿಯಮದಂತೆ ಪರಿಚಯಾತ್ಮಕ ಡೈವಿಂಗ್‌ಗೆ ಕನಿಷ್ಠ ವಯಸ್ಸು 10 ವರ್ಷ, ಗರಿಷ್ಠ ಆಳ 12 ಮೀಟರ್. ಓಪನ್ ವಾಟರ್ ಪ್ರಮಾಣಪತ್ರ ಪಡೆದ ವಯಸ್ಕರು 18 ಮೀಟರ್‌ವರೆಗೆ ಇಳಿಯಬಹುದು.

ನೀರಿನೊಳಗೆ ಮಾತಿಗೆ ಅವಕಾಶವಿಲ್ಲ. ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ವೃತ್ತ ಮಾಡಿದರೆ 'ಎಲ್ಲ ಸರಿಯಿದೆ' ಎಂದರ್ಥ. ಹೆಬ್ಬೆರಳನ್ನು ಮೇಲಕ್ಕೆ ಎತ್ತಿದರೆ 'ಮೇಲೆ ಹೋಗೋಣ' ಎಂದರ್ಥ. ನೆಲದ ಮೇಲೆ ಮೆಚ್ಚುಗೆ ಸೂಚಿಸುವ ಈ ಸನ್ನೆಯನ್ನು ಹೊಸಬರು ಅಭ್ಯಾಸಬಲದಿಂದ ತೋರಿಸಿಬಿಡುವುದುಂಟು. ಆಗ ತರಬೇತುದಾರರು ಅವರನ್ನು ಮೇಲಕ್ಕೆ ಕರೆದೊಯ್ಯುತ್ತಾರೆ.

ಒತ್ತಡದ ನಿಯಮಗಳು

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮೇಲ್ಮೈಯಲ್ಲಿ 1 ಇರುವ ಒತ್ತಡ 10 ಮೀಟರ್ ಆಳದಲ್ಲಿ 2, 20 ಮೀಟರ್ ಆಳದಲ್ಲಿ 3 ಆಗುತ್ತದೆ. ಒತ್ತಡ ಇಮ್ಮಡಿಯಾದರೆ ಅನಿಲದ ಗಾತ್ರ ಅರ್ಧವಾಗುತ್ತದೆ ಎಂಬುದು ಪ್ರೌಢಶಾಲೆಯ ಪಠ್ಯದಲ್ಲಿ ಕಲಿಯುವ ಬಾಯ್ಲ್ ನಿಯಮ. ಡೈವಿಂಗ್‌ನ ಮುಖ್ಯ ಎಚ್ಚರಿಕೆಗಳಲ್ಲಿ ಹಲವು ಈ ನಿಯಮದಿಂದಲೇ ಹುಟ್ಟಿವೆ.

ಇಳಿಯುವಾಗ ಕಿವಿಯೊಳಗಿನ ಗಾಳಿ ಕುಗ್ಗಿ ನೋವಾಗುತ್ತದೆ. ಮೂಗನ್ನು ಹಿಡಿದು ಮೆಲ್ಲನೆ ಗಾಳಿಯೂದಿ ಒತ್ತಡವನ್ನು ಸರಿದೂಗಿಸಬೇಕು. ನೆಗಡಿಯಿದ್ದಾಗ ಇದು ಸಾಧ್ಯವಾಗದ ಕಾರಣ ಅಂದು ನೀರಿಗಿಳಿಯಬಾರದು.

ಏರುವಾಗ ಎಂದಿಗೂ ಉಸಿರು ಹಿಡಿಯಬಾರದು. 10 ಮೀಟರ್ ಆಳದಲ್ಲಿ ಶ್ವಾಸಕೋಶ ತುಂಬಿದ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗಲು ಯತ್ನಿಸುತ್ತದೆ. ಹೊರಹೋಗಲು ದಾರಿಯಿಲ್ಲದಿದ್ದರೆ ಶ್ವಾಸಕೋಶಕ್ಕೆ ಮಾರಣಾಂತಿಕ ಹಾನಿಯಾಗಬಹುದು.

ಮೂರನೆಯದು ನೈಟ್ರೋಜನ್‌ಗೆ ಸಂಬಂಧಿಸಿದ್ದು. ಆಳದಲ್ಲಿ ಹೆಚ್ಚಿನ ಒತ್ತಡದಿಂದ ಈ ಅನಿಲ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗುತ್ತದೆ. ಬೇಗನೆ ಮೇಲೇರಿದರೆ, ಸೋಡಾ ಬಾಟಲಿಯ ಮುಚ್ಚಳ ತೆರೆದಾಗ ಆಗುವಂತೆ, ಗುಳ್ಳೆಗಳು ಏಳುತ್ತವೆ. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಇದರ ಪರಿಣಾಮಗಳಿವೆ. ಆದುದರಿಂದ ನಿಧಾನವಾಗಿ ಏರಿ, 5 ಮೀಟರ್ ಆಳದಲ್ಲಿ 3 ನಿಮಿಷ ತಂಗುವುದು ಪ್ರಮಾಣಪತ್ರ ಪಡೆದ ಡೈವರ್‌ಗಳ ವಾಡಿಕೆ.

ಇದೇ ಕಾರಣಕ್ಕೆ ಒಂದು ಡೈವ್ ಮಾಡಿದ ಬಳಿಕ ಕನಿಷ್ಠ 12 ಗಂಟೆ, ಹಲವು ಡೈವ್‌ಗಳ ಬಳಿಕ ಕನಿಷ್ಠ 18 ಗಂಟೆ ವಿಮಾನಯಾನ ಮಾಡಬಾರದೆಂಬ ಶಿಫಾರಸು ಇದೆ. ಸುಮಾರು 600 ಮೀಟರ್‌ಗಿಂತ ಎತ್ತರದ ಸ್ಥಳಗಳಿಗೆ ರಸ್ತೆಯಲ್ಲಿ ಏರುವವರೂ ಇದನ್ನು ಗಮನದಲ್ಲಿಡಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಮಧ್ಯಾಹ್ನ ನೇತ್ರಾಣಿಯಲ್ಲಿ ಮುಳುಗಿ, ಅದೇ ರಾತ್ರಿ ಘಟ್ಟ ಹತ್ತಿ ಬೆಂಗಳೂರು ಸೇರುವ ಯೋಜನೆ ಈ ದೃಷ್ಟಿಯಿಂದ ಒಳ್ಳೆಯದಲ್ಲ.

ಪ್ರವಾಸದ ಯೋಜನೆ

ಮೂರು ದಿನಗಳ ಪ್ರವಾಸಕ್ಕೆ ಈ ಕ್ರಮ ಅನುಕೂಲಕರ. ಮೊದಲ ದಿನ ವಿಶ್ರಾಂತಿ, ದೇವಾಲಯ ದರ್ಶನ ಮತ್ತು ಕಡಲತೀರ. ಎರಡನೆಯ ದಿನ ಡೈವಿಂಗ್. ಮೂರನೆಯ ದಿನ ಸಮುದ್ರಮಟ್ಟದಲ್ಲಿಯೇ ಇರುವ ಇಡಗುಂಜಿ, ಹೊನ್ನಾವರ, ಭಟ್ಕಳಗಳ ವೀಕ್ಷಣೆ ಮತ್ತು ಮರುಪ್ರಯಾಣ. ಹವಾಮಾನ ಕೈಕೊಟ್ಟರೆ ಮೂರನೆಯ ದಿನ ಡೈವಿಂಗ್‌ಗೆ ಒದಗುತ್ತದೆ. ಆಗ ಮರುಪ್ರಯಾಣವನ್ನು ಮರುದಿನಕ್ಕೆ ಮುಂದೂಡಬೇಕು.

ದೋಣಿಯಲ್ಲಿ ದ್ವೀಪ ಸೇರಲು ಒಂದು ಗಂಟೆಗೂ ಹೆಚ್ಚು ಕಾಲ ಹಿಡಿಯಬಹುದು. ಹೊಟ್ಟೆ ತೊಳಸುವ ತೊಂದರೆಯಿರುವವರು ಇಡ್ಲಿ, ಬಾಳೆಹಣ್ಣಿನಂತಹ ಲಘು ಉಪಾಹಾರ ಸೇವಿಸಿ, ವೈದ್ಯರ ಸಲಹೆಯಂತೆ ಮಾತ್ರೆ ತೆಗೆದುಕೊಳ್ಳಬಹುದು. ಹಿಂದಿನ ರಾತ್ರಿ ಮದ್ಯಪಾನ ಕೂಡದು. ಆಸ್ತಮಾ, ಹೃದ್ರೋಗ, ಅಪಸ್ಮಾರ ಇರುವವರು ಹಾಗೂ ಕಿವಿಯ ಶಸ್ತ್ರಚಿಕಿತ್ಸೆಗೆ ಒಳಗಾದವರು ವೈದ್ಯರ ಲಿಖಿತ ಒಪ್ಪಿಗೆಯಿಲ್ಲದೆ ನೀರಿಗಿಳಿಯಬಾರದು. ಗರ್ಭಿಣಿಯರಿಗೆ ಡೈವಿಂಗ್ ಸಲ್ಲದು. ಆರೋಗ್ಯದ ಪ್ರಶ್ನಾವಳಿಯಲ್ಲಿ ಕಾಯಿಲೆಯನ್ನು ಮರೆಮಾಚುವುದು ತನ್ನ ಜೀವಕ್ಕೆ ಮಾತ್ರವಲ್ಲ, ಜೊತೆಗಿರುವ ತರಬೇತುದಾರರ ಜೀವಕ್ಕೂ ಅಪಾಯ ತರಬಹುದು.

ಡೈವಿಂಗ್ ಕೇಂದ್ರವನ್ನು ಆರಿಸುವಾಗ ತರಬೇತುದಾರರ ಪ್ರಮಾಣಪತ್ರ, ದೋಣಿಯಲ್ಲಿ ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್, ತುರ್ತು ಆಮ್ಲಜನಕ ಮತ್ತು ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇವೆಯೇ, ಒಬ್ಬ ತರಬೇತುದಾರನಿಗೆ ಎಷ್ಟು ಮಂದಿ ಹೊಸಬರು ಎಂಬುದನ್ನು ಕೇಳಿ ತಿಳಿಯಬೇಕು. ಕಡಿಮೆ ದರವೊಂದೇ ಮಾನದಂಡವಾಗಬಾರದು.

ಕಡಲತೀರದ ಸುರಕ್ಷತೆ

ತರಬೇತುದಾರರ ನಿಗಾ ಇರುವ ಆಳದ ನೀರಿಗಿಂತ, ನಿರಾಯುಧರಾಗಿ ಇಳಿಯುವ ದಡದ ನೀರೇ ಹೆಚ್ಚು ಮೋಸಕಾರಿ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಮೃತಪಟ್ಟರು. ಆ ಬಳಿಕ ತೀರವನ್ನು ಕೆಲಕಾಲ ಪ್ರವಾಸಿಗರಿಗೆ ಮುಚ್ಚಲಾಗಿತ್ತು. ಬಯಲುಸೀಮೆಯ ಮಕ್ಕಳಿಗೆ ಕೆರೆ, ಬಾವಿಗಳ ಪರಿಚಯವಿದ್ದರೂ ಸಮುದ್ರದ ಸೆಳೆತದ ಅರಿವಿರುವುದಿಲ್ಲ.

ದಡಕ್ಕೆ ಬಡಿದ ಅಲೆಗಳ ನೀರು ಕಿರಿದಾದ ಜಾಡಿನಲ್ಲಿ ರಭಸದಿಂದ ಸಮುದ್ರಕ್ಕೆ ಮರಳುವುದನ್ನು ರಿಪ್ ಕರೆಂಟ್ ಎನ್ನುತ್ತಾರೆ. ಅಲೆಯೊಡೆಯದೆ ಶಾಂತವಾಗಿ ಕಾಣುವ ಜಾಗವೇ ಹಲವು ಬಾರಿ ಇದರ ಜಾಡು. ಸಿಲುಕಿದವರು ಸೆಳೆತಕ್ಕೆ ಎದುರಾಗಿ ಈಜಿ ದಣಿಯದೆ, ತೇಲುತ್ತಾ ಕೈ ಎತ್ತಿ ನೆರವು ಕೋರಬೇಕು. ಈಜಬಲ್ಲವರು ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತದಿಂದ ಹೊರಬಂದ ಮೇಲೆ ದಡದತ್ತ ತಿರುಗಬೇಕು. ಕೆಂಪು ಬಾವುಟವಿದ್ದಾಗ ನೀರಿಗಿಳಿಯಬಾರದು. ಶಾಲಾ ಪ್ರವಾಸಗಳಲ್ಲಿ ಮಕ್ಕಳನ್ನು ನೀರಿನ ಅಂಚಿಗೆ ಬಿಡುವ ಮುನ್ನವೇ ಜೀವರಕ್ಷಕ ಸಿಬ್ಬಂದಿಯನ್ನು ವಿಚಾರಿಸಿ, ಸಣ್ಣ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೆ ಒಬ್ಬ ಹಿರಿಯರನ್ನು ನೇಮಿಸಿ, ಎಣಿಕೆ ಮಾಡುತ್ತಿರಬೇಕು.

ಪರಿಸರ ಸಂರಕ್ಷಣೆ

ಭಾರತೀಯ ನೌಕಾಪಡೆಯು ನೇತ್ರಾಣಿಯನ್ನು ಗುರಿ ಅಭ್ಯಾಸಕ್ಕೆ ಬಳಸಿದೆ. ಇದರಿಂದ ಹವಳ ಮತ್ತು ಹಕ್ಕಿಗಳಿಗೆ ಹಾನಿಯಾಗುತ್ತದೆಂದು ಪರಿಸರಾಸಕ್ತರು ಆಕ್ಷೇಪಿಸಿದ್ದಾರೆ. ಪ್ರವಾಸೋದ್ಯಮದ ಹೊರೆಯೂ ಕಡಿಮೆಯದಲ್ಲ. ಲಂಗರು ಬಿದ್ದ ಕಡೆ ಹವಳ ಪುಡಿಯಾಗುತ್ತದೆ. ಈಜುಗಾರರ ಕಾಲು ತಗುಲಿದರೂ ಮುರಿಯುತ್ತದೆ. ಅನೇಕ ಬಗೆಯ ಹವಳಗಳು ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುವುದರಿಂದ ಒಂದು ಕ್ಷಣದ ಅಜಾಗ್ರತೆ ಹಲವು ವರ್ಷಗಳ ಬೆಳವಣಿಗೆಯನ್ನು ಅಳಿಸುತ್ತದೆ. ಯಾವುದನ್ನೂ ಮುಟ್ಟದಿರುವುದು, ಮೀನುಗಳಿಗೆ ತಿಂಡಿ ಹಾಕದಿರುವುದು, ಚಿಪ್ಪುಗಳನ್ನು ತಾರದಿರುವುದು ಮತ್ತು ಪ್ಲಾಸ್ಟಿಕ್ಕನ್ನು ದಡಕ್ಕೆ ಮರಳಿ ತರುವುದು ಪ್ರತಿಯೊಬ್ಬ ಪ್ರವಾಸಿಗನ ಕರ್ತವ್ಯ.