ಅಧಮರ್ಣನ ಕಪಟವೂ ಮಿತ್ರನಾದ ಉತ್ತಮರ್ಣನೂ

ಮನುಪ್ರೋಕ್ತವಾದ ಹದಿನೆಂಟು ವ್ಯವಹಾರಪದಗಳಲ್ಲಿ ಋಣಾದಾನವೇ ಮೊದಲನೆಯದು. ಸಾಲ ಕೊಟ್ಟವನು ಉತ್ತಮರ್ಣ, ಕೊಂಡವನು ಅಧಮರ್ಣ. ಇವರಿಬ್ಬರ ಕಲಹಕ್ಕೆ ಸ್ಮೃತಿಕಾರರು ವಿಧಿಗಳನ್ನು ವಿಸ್ತಾರವಾಗಿ ಹೇಳಿರುವರು. ಇಬ್ಬರೂ ಒಡಗೂಡಿ ಮೂರನೆಯವನನ್ನು ವಂಚಿಸುವ ಸಂದರ್ಭವು ಇದಕ್ಕಿಂತ ಸೂಕ್ಷ್ಮವಾದುದು. ಕಪಟದಿಂದ ಮಾಡಿದ ಆಧಿ, ವಿಕ್ರಯ, ದಾನ, ಪ್ರತಿಗ್ರಹಗಳೆಲ್ಲವನ್ನೂ ನಿವರ್ತಿಸಬೇಕೆಂದು ಮನುವಿನ ಎಂಟನೆಯ ಅಧ್ಯಾಯದಲ್ಲಿ ವಿಹಿತವಾಗಿದೆ. ದಂಪತಿಗಳು, ತಂದೆಮಕ್ಕಳು, ಅವಿಭಕ್ತ ಸೋದರರು ತಮ್ಮತಮ್ಮಲ್ಲೇ ಮಾಡಿಕೊಂಡ ಸಾಲವು ಸಾಧ್ಯವಲ್ಲವೆಂದು ಕೌಟಿಲ್ಯನ ಮತ. ಯಾಜ್ಞವಲ್ಕ್ಯನ ಇಂತಹುದೇ ವಚನಕ್ಕೆ ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಕೊಡುವ ಕಾರಣವು ದ್ರವ್ಯದ ಸಾಧಾರಣತ್ವವೇ ಹೊರತು ವಂಚನೆಯಲ್ಲ. ಆದರೂ ಮನೆಯವನನ್ನೇ ಉತ್ತಮರ್ಣನನ್ನಾಗಿ ನಿಲ್ಲಿಸುವ ದಾರಿಯು ಇದರಿಂದ ಮುಚ್ಚಿತು. ಸಾಲ ಕೊಟ್ಟವರು ಅನೇಕರಾದಲ್ಲಿ ಕೊಂಡ ಕ್ರಮದಲ್ಲಿಯೇ ತೀರಿಸಬೇಕು. ರಾಜನಿಗೂ ಶ್ರೋತ್ರಿಯನಿಗೂ ಅಗ್ರಸ್ಥಾನವಿದ್ದುದು ಪಕ್ಷಪಾತವೇ ಸರಿ. ಆದರೆ ಅದು ಶಾಸ್ತ್ರದ ಪಕ್ಷಪಾತ, ಋಣಿಯ ಇಚ್ಛೆಯದಲ್ಲ.

ಇಂಗ್ಲೆಂಡಿನಲ್ಲಿ ಈ ಕ್ರಮನಿಯಮವಿರಲಿಲ್ಲ. ಋಣಿಯು ತನಗೆ ಬೇಕಾದವನಿಗೆ ಮೊದಲು ಸಲ್ಲಿಸಬಹುದಾಗಿತ್ತು. ಉತ್ತಮರ್ಣರನ್ನು ವಂಚಿಸುವ ಹಸ್ತಾಂತರಗಳನ್ನು 1571ರ ಶಾಸನವು ನಿಷೇಧಿಸಿತು. ಅದರ ಅರ್ಥನಿರ್ಣಯವಾದುದು ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ, ಸ್ಟಾರ್ ಛೇಂಬರ್ ನ್ಯಾಯಸ್ಥಾನದಲ್ಲಿ ನಡೆದ ಟ್ವೈನನ ವ್ಯವಹಾರದಲ್ಲಿ. ಪಿಯರ್ಸನೆಂಬವನು ಟ್ವೈನನಿಗೆ 400 ಪೌಂಡು, ಮತ್ತೊಬ್ಬನಿಗೆ 200 ಪೌಂಡು ಕೊಡಬೇಕಾಗಿತ್ತು. ಆ ಮತ್ತೊಬ್ಬನು ದಾವೆ ಹೂಡಿರುವಾಗಲೇ ಪಿಯರ್ಸನು 300 ಪೌಂಡು ಬೆಲೆಯ ತನ್ನ ಸಮಸ್ತ ಚರಸ್ವತ್ತನ್ನೂ ಗುಟ್ಟಾಗಿ ಟ್ವೈನನಿಗೆ ಬರೆದುಕೊಟ್ಟನು. ಆಮೇಲೂ ಸ್ವತ್ತು ಅವನ ಕೈಯಲ್ಲಿಯೇ ಇತ್ತು. ಕುರಿಗಳ ಉಣ್ಣೆ ಕತ್ತರಿಸಿ ತನ್ನ ಗುರುತನ್ನೇ ಹಾಕುತ್ತಿದ್ದನು. ಟ್ವೈನನ ಸಾಲವು ಸುಳ್ಳಲ್ಲ. ಪ್ರಕರಣದ ತೊಡಕೆಲ್ಲ ಇದರಲ್ಲಿದೆ. ಆದಕಾರಣ ನ್ಯಾಯಾಧೀಶರು ವಂಚನೆಯ ಲಕ್ಷಣಗಳನ್ನು ಎಣಿಸಿದರು: ಉಟ್ಟ ಬಟ್ಟೆಯನ್ನೂ ಬಿಡದೆ ಕೊಟ್ಟುದು, ಸ್ವಾಧೀನ ಬಿಡದಿದ್ದುದು, ಗೋಪ್ಯತೆ, ದಾವೆಯ ನಡುವೆ ಮಾಡಿದುದು, ಒಳಗಿನ ನಂಬಿಕೆಯ ಏರ್ಪಾಡು. ಕಡೆಯದು ಪತ್ರಪರೀಕ್ಷಕರಿಗೆ ಸ್ವಾರಸ್ಯವಾದುದು: ಈ ದಾನವು ಪ್ರಾಮಾಣಿಕವಾಗಿ, ಸದ್ಭಾವದಿಂದ ಆದುದೆಂದು ಪತ್ರವು ತಾನೇ ಸಾರುತ್ತಿತ್ತು. ಯಾರೂ ಕೇಳದಿರುವಾಗ ಇಷ್ಟು ಪ್ರಮಾಣವಾಕ್ಯವೇಕೆ ಎಂಬುದೇ ಶಂಕೆಗೆ ಮೂಲವಾಯಿತು. ವ್ಯಾಖ್ಯಾನದಲ್ಲಿ ವ್ಯರ್ಥಪದ ಕಂಡಾಗ ಪಂಡಿತನು ಪಾಠವನ್ನು ಶಂಕಿಸುವನಷ್ಟೆ, ಹಾಗೆಯೇ ಇದು.

ಬ್ರಿಟಿಷರ ಆಳ್ವಿಕೆಯಲ್ಲಿ 1909ರಲ್ಲಿ ಪ್ರೆಸಿಡೆನ್ಸಿ ಪಟ್ಟಣಗಳಿಗೂ 1920ರಲ್ಲಿ ಪ್ರಾಂತಗಳಿಗೂ ದಿವಾಳಿಯ ಶಾಸನಗಳಾದವು. ದಿವಾಳಿಯ ಅರ್ಜಿಗೆ ಹಿಂದಿನ ಮೂರು ತಿಂಗಳೊಳಗೆ ಒಬ್ಬ ಉತ್ತಮರ್ಣನಿಗೆ ಮೇಲುಗೈ ಕೊಡುವ ಉದ್ದೇಶದಿಂದ ಸಲ್ಲಿಸಿದುದು ಅವುಗಳಂತೆ ನಿಲ್ಲುವುದಿಲ್ಲ. ಆದರೆ ಉದ್ದೇಶವೆಂಬುದು ಋಣಿಯ ಮನಸ್ಸಿನಲ್ಲಿರುವ ವಸ್ತು. ಅದನ್ನು ಸಾಧಿಸುವುದು ಕಷ್ಟ. 2016ರ ಸಂಹಿತೆಯು ಕಂಪನಿಗಳ ವಿಷಯದಲ್ಲಿ ಅದನ್ನು ಕೈಬಿಟ್ಟು ಕಾಲವನ್ನು ಹಿಡಿಯಿತು: ಸಂಬಂಧಿಯಾದವನಿಗೆ ಹಿಂದಿನ ಎರಡು ವರ್ಷ, ಇತರರಿಗೆ ಒಂದು ವರ್ಷ.

ಅಷ್ಟರಲ್ಲಿ ಮಿತ್ರನ ಉಪಯೋಗವೂ ಬದಲಾಗಿತ್ತು. ಉತ್ತಮರ್ಣರ ಸಮಿತಿಯ ಮತಬಲದಿಂದಲೇ ಕಂಪನಿಯ ಗತಿಯು ನಿರ್ಣಯವಾಗುವಾಗ, ಕುರಿಗಳಿಗಿಂತ ಮತವೇ ಬೆಲೆಯುಳ್ಳದ್ದು. ಸಂಬಂಧಿಗೆ ಸಮಿತಿಯಲ್ಲಿ ಮತವಿಲ್ಲವೆಂದು ಸಂಹಿತೆಯೇ ವಿಧಿಸಿದೆ. ಹಾಗಾದರೆ ಸಂಬಂಧವನ್ನೇ ಕಡಿದುಕೊಂಡು ಬಂದರೆ? ಫೀನಿಕ್ಸ್ ಎ.ಆರ್.ಸಿ. ಮತ್ತು ಸ್ಪೇಡ್ ಫೈನಾನ್ಷಿಯಲ್ ಸರ್ವೀಸಸ್ ಇವರ ವ್ಯವಹಾರದಲ್ಲಿ 2021ರ ಫೆಬ್ರವರಿ 1ರಂದು ಸರ್ವೋಚ್ಚ ನ್ಯಾಯಾಲಯವು ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಸಮಿತಿಯಲ್ಲಿ ಪ್ರವೇಶ ಪಡೆಯುವುದಕ್ಕಾಗಿಯೇ ಸಂಬಂಧವನ್ನು ಕಳಚಿಕೊಂಡವರನ್ನು ಸಂಬಂಧಿಗಳೆಂದೇ ಎಣಿಸಿ ಹೊರಗಿಡಬೇಕೆಂದು ಹೇಳಿತು. ಅವರು ತೋರಿಸಿದ ಸಾಲಗಳನ್ನೂ ಒಳಸಂಚಿನವೆಂದು ನಿರ್ಣಯಿಸಿತು.